ಎರಡನೇ ಸೆಟ್ಟಿನ ಒಂಬತ್ತನೇ ನಂಬರು

ನಾನೊಂದು ಹಳದಿ ಜೆರ್ಸಿ. ಬೆಂಗಳೂರಿನ ಶಿವಾಜಿನಗರದ ಹೊಲಿಗೆ ಅಂಗಡಿಯಲ್ಲಿ ಹುಟ್ಟಿದೆ. ಬೆನ್ನಿಗೆ ಒಂಬತ್ತು ಅಂತ ಅಂಟಿಸಿ, ಎದೆಗೆ ಮರ್ಫಿಟೌನ್ ರೋವರ್ಸ್ ಫುಟ್ಬಾಲ್ ಕ್ಲಬ್ಬಿನ ಲಾಂಛನ ಹೊಲಿದರು. ಬ್ರಿಟಿಷರ ದಂಡಿನ ಕಾಲದಲ್ಲಿ ಬ್ಯಾಂಡು ಬಾರಿಸುತ್ತಿದ್ದವರು ಕಟ್ಟಿದ ಕ್ಲಬ್ಬಂತೆ ಅದು; ಅವರ ಕೋಟಿನ ಕೆಂಪೇ ಕ್ಲಬ್ಬಿನ ಬಣ್ಣ. ನಮ್ಮದು ಎರಡನೇ ಸೆಟ್ಟು. ಕೆಂಪು ತೊಡಲಾಗದ ದಿನಕ್ಕೆ ಇರಲಿ ಅಂತ ಹೊಲಿಸಿದ್ದು. ಅಂಥ ದಿನ ಬರಲೇ ಇಲ್ಲ.

ಕಾರ್ಯದರ್ಶಿ ಸಗಾಯರಾಜಣ್ಣ ಪ್ರತಿ ಪಂದ್ಯಕ್ಕೂ ನಮ್ಮನ್ನು ಚೀಲದಲ್ಲಿ ಹೊತ್ತೊಯ್ದು, ಮಡಿಕೆ ಬಿಚ್ಚದೆ ವಾಪಸು ತರುತ್ತಿದ್ದರು. ಆದರೂ ಅವರ ಹೆಂಡತಿ ಫ್ಲೋರಮ್ಮ ನಮ್ಮನ್ನು ಒಗೆಯುತ್ತಿದ್ದರು.

“ಬೆವರೇ ಕಾಣದ ಬಟ್ಟೆ ಒಗೀತೀಯಲ್ಲೇ!”

“ಚೀಲದ ವಾಸ್ನೆ ಹೋಗ್ಬೇಡ್ವಾ?”

ಹೀಗೆ ಆಡದೆಯೇ ಮಾಸಿದೆ. ದಣಿಯಲು ಓಡಲೇಬೇಕೆಂದಿಲ್ಲ.

ಒಂದು ವರ್ಷ, ಲೀಗಿನ ಕೊನೆಯ ಪಂದ್ಯ. ಸೋತರೆ ರೋವರ್ಸ್ ಬಿ ಡಿವಿಜನ್ನಿನಿಂದ ಸಿ ಡಿವಿಜನ್ನಿಗೆ ಇಳಿಯಬೇಕು. ಬಿಳಿ ಜೆರ್ಸಿ ತರಬೇಕಿದ್ದ ಎದುರಾಳಿಗಳು ಅವಸರದಲ್ಲಿ ಕೆಂಪಿನ ಚೀಲ ಎತ್ತಿಕೊಂಡು ಬಂದಿದ್ದರು. ಎರಡೂ ತಂಡ ಒಂದೇ ಬಣ್ಣ ತೊಡುವಂತಿಲ್ಲ, ಅವರಿಗೆ ಬೇರೆ ಬಣ್ಣ ಸಿಗದಿದ್ದರೆ ವಾಕೋವರ್ ಅಂದರು ರೆಫರಿ. ರೋವರ್ಸ್ ಆಡದೆಯೇ ಗೆದ್ದ ಹಾಗೆ.

ಸಗಾಯರಾಜಣ್ಣನ ಕೈ ನಮ್ಮ ಚೀಲದ ಜಿಪ್ಪಿನ ಮೇಲೆ ಬಂತು. ನಾಯಕ ಧನಶೇಖರ್ ಆ ಕೈ ಹಿಡಿದುಕೊಂಡ.

“ಅಣ್ಣಾ, ನಿನ್ ಕಾಲಿಗೆ ಬೀಳ್ತೀನಿ, ಜಿಪ್ ಮುಟ್ಬೇಡ.”

“ನಾಳೆ ಟೀ ಅಂಗ್ಡೀಲಿ ಏನಂತ ಹೇಳ್ಲೋ? ಅವ್ರಿಗೆ ಬಟ್ಟೆ ಇರ್ಲಿಲ್ಲ, ಅದ್ಕೆ ಗೆದ್ವಿ ಅಂತಾನಾ?”

“ಸಿ ಡಿವಿಜನ್ನಿಗೆ ಹೋದ್ರೆ ಟೀ ಕೊಡ್ಸೋರೂ ಇರಲ್ಲ ಬಿಡು!”

ಜಿಪ್ಪು ಬಿಚ್ಚಿಕೊಂಡಿತು. ಎದುರಾಳಿ ತಂಡದ ಯಾರೋ ಅಪರಿಚಿತ ನನ್ನನ್ನು ತಲೆಯ ಮೇಲಿಂದ ಎಳೆದುಕೊಂಡ. ಮೊದಲ ಸಲ ಬೆವರು ಕುಡಿದೆ. ಅವನ ಎದೆ ಡವಗುಟ್ಟುತ್ತಿತ್ತು. ನನಗೆ ಹಿತವಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಆಟ ಮುಗಿಯುವ ಹೊತ್ತಿಗೆ ಅವನು ತಲೆ ಕೊಟ್ಟು ಗೋಲು ಹೊಡೆದ. ಅಭ್ಯಾಸಬಲದಿಂದ ನನ್ನ ಎದೆಯ ಲಾಂಛನ ಎಳೆದು ಮುತ್ತಿಟ್ಟ.

“ಲೋ, ಅದು ನಮ್ದು ಕಣೋ!” ಅಂತ ಕೂಗಿದ ಧನಶೇಖರ್, ಅಲ್ಲೇ ಕುಸಿದು ಕೂತ.

ರೋವರ್ಸ್ ಇಳಿಯಿತು. ಮತ್ತೆ ಮೇಲೇರಲಿಲ್ಲ.

ಈಗ ನಾನು ಮನೆಯಲ್ಲಿ ತೊಡುವ ಬಟ್ಟೆ. ಕಂಕುಳಲ್ಲಿ ಹರಿದಿದ್ದೇನೆ, ನಂಬರು ಅರ್ಧ ಉದುರಿದೆ. ನನ್ನೊಳಗಿರುವ ಸಗಾಯರಾಜಣ್ಣನೂ ಸೊರಗಿದ್ದಾರೆ. ಮೊನ್ನೆ ಫ್ಲೋರಮ್ಮ ಕೊನೆಗೂ ಕೇಳಿಬಿಟ್ಟರು.

“ಅವತ್ತು ಚೀಲ ಬಿಚ್ಚದೇ ಇದ್ದಿದ್ರೆ?”

ಸಗಾಯರಾಜಣ್ಣ ನನ್ನ ಎದೆಯ ಲಾಂಛನ ಸವರಿದರು.

“ಆಟಾನೇ ಇರ್ತಿರ್ಲಿಲ್ವಲ್ಲೇ.”

ಕ್ಲಬ್ಬಿನ ಪರವಾಗಿ ಅಳಬೇಕು ನಾನು. ಆದರೆ ಬದುಕಿನಲ್ಲಿ ನಾನು ಆಡಿದ್ದು ಅದೊಂದೇ ಆಟ.