ಫ್ಲಶ್ ಟ್ಯಾಂಕಿನ ಗುಟ್ಟು

ನೀರಿನ ಬಿಲ್ಲು ಇಳಿದ ದಿನದಿಂದ ಅತ್ತೆಯ ನಡಿಗೆಯ ಗತ್ತೇ ಬದಲಾಗಿತ್ತು. ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿದ ಬಾಟಲಿಯೊಂದನ್ನು ಇಟ್ಟರೆ ಪ್ರತಿ ಸಲವೂ ಅಷ್ಟು ನೀರು ಉಳಿಯುತ್ತದೆಂದು ಯಾರೋ ಹೇಳಿದ್ದರು. ಅವಳು ಸದ್ದಿಲ್ಲದೆ ಹಾಗೇ ಮಾಡಿದ್ದಳು. ಹೇಳಿದರೆ ಸೊಸೆ ನಕ್ಕಾಳೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಊಟಕ್ಕೆ ಕೂತಾಗ ಮಗನೂ ಸೊಸೆಯೂ ಬಿಲ್ಲು ನೋಡಿ ಒಳಗೊಳಗೇ ನಗುತ್ತಿದ್ದರು. ಪಾಪ, ಇವಕ್ಕೇನು ಗೊತ್ತು ಎಂದುಕೊಂಡು ಅತ್ತೆಯೂ ನಕ್ಕಳು.

ಆದರೆ ಫ್ಲಶ್ ಒತ್ತಿದರೆ ನೀರು ಕಾಟಾಚಾರಕ್ಕೆಂಬಂತೆ ಬರುತ್ತಿತ್ತು. ಕೊನೆಗೆ ಪ್ಲಂಬರ್ ಬಂದು ಟ್ಯಾಂಕಿನ ಮುಚ್ಚಳ ತೆಗೆದ. ಒಳಗೆ ಅತ್ತೆಯ ಜ್ಯೂಸ್ ಬಾಟಲಿಗೆ ಒತ್ತಿಕೊಂಡು ಸೊಸೆಯ ಶಾಂಪೂ ಬಾಟಲಿ, ಅದರ ಪಕ್ಕದಲ್ಲಿ ಮಗನ ಸೋಡಾ ಬಾಟಲಿ ನಿಂತಿದ್ದವು.

ಮೂವರೂ ಮುಖ ಮುಖ ನೋಡಿಕೊಂಡರು.

"ಎಲ್ಲರೂ ಹೀಗೆ ಉಳಿಸೋಕೆ ಹೊರಟ್ರೆ ಟ್ಯಾಂಕಲ್ಲಿ ನೀರಿಗೇ ಜಾಗ ಇರಲ್ಲಮ್ಮ," ಎಂದ ಪ್ಲಂಬರ್. "ಒಂದು ತೆಗೀಲೇಬೇಕು. ಯಾವ್ದು ತೆಗೀಲಿ?"

ಪರದೆಯ ಬಣ್ಣದಿಂದ ಹಿಡಿದು ಸಾಬೂನಿನ ವಾಸನೆಯವರೆಗೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ಅತ್ತೆ, ಸೊಸೆ ಅಂದು ಒಂದೇ ದನಿಯಲ್ಲಿ ಹೇಳಿದರು:

"ಸೋಡಾ ಬಾಟ್ಲಿ ತೆಗೀರಿ."