‘ಪರಿಹಾರ್ ಚಾಹಿಯೇ’

ನನ್ನ ನಾದಿನಿ ಧಾರಿಣಿಯ ಬಲಗೈ ಮುರಿದವನು ಅವಳ ಮನೆ ಮಾಲೀಕ. ಫರೀದಾಬಾದಿನ ಆ ಬಾಡಿಗೆ ಮನೆಯನ್ನು ನಾಳೆಯೇ ಖಾಲಿ ಮಾಡು ಎಂದ. ಕರಾರಿನ ಅವಧಿ ಇನ್ನೂ ಇದೆಯಲ್ಲ ಎಂದಳು ಇವಳು. ಅಷ್ಟಕ್ಕೇ ಆ ಮಹಾಶಯ ಕಬ್ಬಿಣದ ರಾಡು ಬೀಸಿದ.

ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ತಯಾರಿಸುತ್ತಿದ್ದವಳಿಗೆ ಆಮೇಲೆ ಮೌಸ್ ಹಿಡಿಯಲೂ ಆಗದಾಯಿತು. ಕೆಲಸ ಹೋಯಿತು, ದಿಲ್ಲಿಯ ಜನಕಪುರಿಯ ನಮ್ಮ ಮನೆಗೆ ಬಂದಳು. ಇನ್ನೊಂದು ಆಪರೇಷನ್ ಮಾಡಿದರೆ ಕೈ ಮೊದಲಿನಂತಾಗುತ್ತದೆ, ತಡಮಾಡಬೇಡಿ ಎಂದಿದ್ದರು ಡಾಕ್ಟರು. ಅಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಅದು ಗೊತ್ತಿದ್ದೇ ಮಾಲೀಕನ ಕಡೆಯವರು ರಾಜಿಗೆ ಬಂದರು. ಆಪರೇಷನ್ ಖರ್ಚೆಲ್ಲ ಕೊಡುತ್ತಾರಂತೆ, ಆದರೆ ಮೆಟ್ಟಿಲಿನಿಂದ ನಾನೇ ಜಾರಿ ಬಿದ್ದೆ ಎಂದು ಇವಳು ಕೋರ್ಟಿನಲ್ಲಿ ಹೇಳಬೇಕಂತೆ. ನನ್ನ ಗಂಡ ಯೋಗೀಶ, ಅವಳ ಸ್ವಂತ ಅಣ್ಣ, ಒಪ್ಪಿಕೊ ಎಂದರು. ಕೈ ದೊಡ್ಡದು, ಹಟ ದೊಡ್ಡದಲ್ಲ ಎಂದು ಉಪದೇಶ ಬೇರೆ. ನನಗೆ ಮೈಯೆಲ್ಲ ಉರಿಯಿತು. ಅವರ ಮಾತಿನಲ್ಲಿ ನಿಜವೂ ಇತ್ತಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಧಾರಿಣಿ ಮಾತ್ರ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಲೇ, ಬಿದ್ದೆ ಅಂತ ಹೇಳಲ್ಲ ಅಣ್ಣ ಎಂದಳು.

ಕೇಸು ನಡೆಯಿತು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಮಾಲೀಕ ತಪ್ಪಿತಸ್ಥ ಎಂದು ತೀರ್ಮಾನವಾಯಿತು. ಜೈಲಿನ ಜೊತೆಗೆ, ಹೊಡೆದವನ ಕೈಯಿಂದಲೇ ಏಟು ತಿಂದವರಿಗೆ ಹಣ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗೆ ಇದೆ ಎಂದು ನಮ್ಮ ವಕೀಲರು ಹೇಳಿದ್ದರು. ಶಿಕ್ಷೆಯ ದಿನ ನ್ಯಾಯಾಧೀಶರು ಧಾರಿಣಿಯನ್ನೇ ಕರೆದು, ನಿಮಗೆ ಏನು ಬೇಕು ಎಂದು ಕೇಳಿದರು.

ಅವಳು ಎದ್ದು ನಿಂತು ಗಟ್ಟಿಯಾಗಿ, ‘ಮುಝೆ ಪರಿಹಾರ್ ಚಾಹಿಯೇ’ ಎಂದಳು.

ನಮ್ಮ ಹಿಂದಿಯೇ ಹಾಗೆ. ಕನ್ನಡದ ಪದದ ಬಾಲ ಕತ್ತರಿಸಿದರೆ ಹಿಂದಿಯಾಯಿತು ಎಂಬ ಧೈರ್ಯ. ಮಾಲೀಕನ ವಕೀಲ ಥಟ್ಟನೆ ಎದ್ದ. ಪರಿಹಾರ್ ಎಂದರೆ ಬಿಟ್ಟುಬಿಡುವುದು, ಈಕೆ ತಾನಾಗಿಯೇ ಎಲ್ಲ ಬಿಟ್ಟುಕೊಡುತ್ತಿದ್ದಾಳೆ, ಹಾಗೆಯೇ ದಾಖಲಾಗಲಿ ಎಂದ. ಹಿಂದಿಯಲ್ಲಿ ಆ ಪದಕ್ಕೆ ನಿಜಕ್ಕೂ ಅದೇ ಅರ್ಥವಂತೆ. ಟೈಪಿಸ್ಟ್ ಬೆರಳು ಆಡಿಸತೊಡಗಿದ.

ನಮ್ಮ ವಕೀಲರು ಕನ್ನಡಕ ಹುಡುಕುತ್ತಿದ್ದರು. ಅಷ್ಟರಲ್ಲಿ ಧಾರಿಣಿಯೇ ಟೈಪಿಸ್ಟಿಗೆ ನಿಲ್ಲಿಸಲು ಹೇಳಿ ನ್ಯಾಯಾಧೀಶರ ಕಡೆ ತಿರುಗಿದಳು. ಅವಳ ಹರುಕು ಹಿಂದಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ಸರ್, ನಾನು ಕರ್ನಾಟಕದವಳು. ನಮ್ಮ ಮಾತಲ್ಲಿ ಪರಿಹಾರ ಅಂದ್ರೆ, ಹಾಳು ಮಾಡಿದವನು ಅದನ್ನ ಸರಿಮಾಡಿಕೊಡೋದು. ನಿಮ್ಮಲ್ಲಿ ಅದಕ್ಕೆ ಏನಂತಾರೋ ಅದನ್ನೇ ಬರ್ಕೊಳ್ಳಿ. ನಾನು ಏನನ್ನೂ ಬಿಟ್ಟುಕೊಡೋದಿಲ್ಲ.’

‘ಮುಆವಜಾ’ ಎಂದರು ನ್ಯಾಯಾಧೀಶರು. ಟೈಪಿಸ್ಟಿಗೆ ಅದನ್ನೇ ಬರೆಸಿದರು.

ಒಂದು ವರ್ಷ ಜೈಲು. ಅದರ ಮೇಲೆ ಆಪರೇಷನ್ ಖರ್ಚು ಪೂರ್ತಿ ಮುಆವಜಾ, ತಪ್ಪಿದರೆ ಇನ್ನಷ್ಟು ಜೈಲು. ಕಕ್ಷಿದಾರ ಬಡವ ಎಂದು ಅವನ ವಕೀಲ ಗೋಗರೆದ. ಊರಲ್ಲಿ ನಾಲ್ಕೈದು ಮನೆ ಬಾಡಿಗೆಗೆ ಕೊಟ್ಟಿರುವ ಬಡವನನ್ನು ನೋಡಿ ನ್ಯಾಯಾಧೀಶರೇ ನಕ್ಕುಬಿಟ್ಟರು. ನನಗಂತೂ ಅಲ್ಲೇ ಕುಣಿಯಬೇಕೆನಿಸಿತು.

ಹೊರಗೆ ಬಂದ ಮೇಲೆ ಯೋಗೀಶರಿಗೆ ಲೆಕ್ಕಾಚಾರ ಶುರುವಾಯಿತು. ‘ಅಷ್ಟೇ ದುಡ್ಡು ಕಣೇ. ಆಗಲೇ ತಗೊಂಡಿದ್ರೆ ಈ ಓಡಾಟ ಇರ್ತಿರಲಿಲ್ಲ.’

‘ಆಗ ಅವ್ನು ಕೊಡ್ತಿದ್ದಿದ್ದು ನನ್ನ ಸುಳ್ಳಿಗೆ, ಅಣ್ಣ’ ಎಂದಳು ಧಾರಿಣಿ. ‘ಈಗ ಕೊಡ್ತಿರೋದು ನನ್ನ ಕೈಗೆ.’

ಯೋಗೀಶ ರಸ್ತೆ ದಾಟಿದರು. ಕೋರ್ಟಿನ ಎದುರಿನ ಅಂಗಡಿಯಲ್ಲಿ ಬಿಸಿ ಜಲೇಬಿ ಕೊಳ್ಳುವಾಗ, ಅಂಗಡಿಯವನು ಕೇಳದಿದ್ದರೂ, ನನ್ನ ತಂಗಿ ಕೇಸು ಗೆದ್ದಳು ಭಯ್ಯಾ ಎಂದರು.