ಕುಷ್ಟಗಿಯ ಕುಂಕುಮ

ನಮ್ಮ ಬೆಳೆಗಾರರ ಸಂಘದ ಕೆಲಸವನ್ನು ಗಂಗಾವತಿ, ಯಲಬುರ್ಗಾ, ಕುಷ್ಟಗಿಯ ಮೂರು ಸರ್ವರ್‌ಗಳು ಹಂಚಿಕೊಂಡು ಮಾಡುತ್ತವೆ. ಕೊಪ್ಪಳದಲ್ಲಿ ಕೂತು ಅವುಗಳ ಮೇಲೆ ಕಣ್ಣಿಡುವವಳು ನಾನು. ಅಮಾವಾಸ್ಯೆಯ ಬೆಳಿಗ್ಗೆ ಸಂಪರ್ಕ ತಪ್ಪಿ ಪರದೆಯಲ್ಲಿ ಕುಷ್ಟಗಿ ಕೆಂಪಾಯಿತು. ಅಲ್ಲಿನ ಸರ್ವರ್ ನೋಡಿಕೊಳ್ಳುವ ಗಾಳೇಶಣ್ಣನಿಗೆ ಫೋನ್ ಮಾಡಿದೆ.

"ಮಷೀನ್ ಚಾಲೂ ಐತ್ರಿ ಹೇಮಾ ಮೇಡಂ. ಈಗಷ್ಟ ಒರಸಿ, ವಿಭೂತಿ ಹಚ್ಚಿ, ಕಾಯಿ ಒಡದೀನಿ."

"ಒರಸುವಾಗ ವೈರ್ ಕಿತ್ತಿದ್ರೇನು?"

"ಹೌದ್ರಿ. ಮತ್ತ ಹಾಕೀನಲ್ಲ!"

"ಯಾವ ಪೋರ್ಟಿಗೆ?"

"ತೂತು ಎಲ್ಲಾ ಒಂದ ಥರಾ ಅದಾವಲ್ರಿ!"

 ನನಗೆ ಸಿಟ್ಟು ನೆತ್ತಿಗೇರಿತು. "ಎಡಗಡೆ ಮೊದಲನೇದಕ್ಕ ಹಾಕ್ರಿ!"

ಕುಷ್ಟಗಿ ಹಸಿರಾಯಿತು. ಅಲ್ಲಿಯವರೆಗೆ ಅದರ ಭಾರ ಹೊತ್ತಿದ್ದ ಉಳಿದೆರಡೂ ಹಗುರಾದವು.

ಸಂಜೆ ಗಾಳೇಶಣ್ಣ ಫೋಟೊ ಕಳಿಸಿದರು. ಸರಿಯಾದ ಪೋರ್ಟಿನ ಮೇಲೊಂದು ಕುಂಕುಮದ ಬೊಟ್ಟು, ವೈರಿನ ತುದಿಗೊಂದು.

ನಾನು ಗಂಗಾವತಿಗೆ ಫೋನ್ ಹಚ್ಚಿದೆ. "ನಿಮ್ಮಲ್ಲಿ ಕುಂಕುಮ ಐತೇನ್ರಿ?"